ಮಿನಿ ಕೂಪರ್ ಎಸ್ ಕಾರಿನ ಇಂಧನ ಇಂಜೆಕ್ಟರ್ ಉನ್ನತೀಕರಣ

ಇಂಧನ ಇಂಜೆಕ್ಟರ್ ಉನ್ನತೀಕರಣ ಎಂದರೆ ಕಾರಿನ ಎಂಜಿನ್ನಿಗೆ ಪೆಟ್ರೋಲನ್ನು ಸಿಂಪಡಿಸುವ ಮೂಲ ಇಂಜೆಕ್ಟರ್‌ಗಳನ್ನು ತೆಗೆದು, ಅವುಗಳಿಗಿಂತ ಹೆಚ್ಚು ಹರಿವಿನ ಸಾಮರ್ಥ್ಯವುಳ್ಳವುಗಳನ್ನು ಅಳವಡಿಸುವ ಕ್ರಿಯೆ. ಸೂಪರ್‌ಚಾರ್ಜರ್ ಹೊಂದಿರುವ ಸಣ್ಣ ಕಾರುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯ ಪ್ರಮಾಣವನ್ನು ಹೆಚ್ಚಿಸಿದಾಗ ಈ ಬದಲಾವಣೆ ಅಗತ್ಯವಾಗುತ್ತದೆ. 2002ರಿಂದ 2006ರವರೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಾರ್ಖಾನೆಯಲ್ಲಿ ತಯಾರಾದ ಮೊದಲ ಪೀಳಿಗೆಯ ಮಿನಿ ಕೂಪರ್ ಎಸ್ ಇದಕ್ಕೆ ಚಿರಪರಿಚಿತ ಉದಾಹರಣೆ. ಈ ಕಾರನ್ನು ಅದರ ಸಂಕೇತನಾಮವಾದ ಆರ್53 ಎಂಬ ಹೆಸರಿನಿಂದಲೂ ಗುರುತಿಸಲಾಗುತ್ತದೆ.

ದೊಡ್ಡ ಇಂಜೆಕ್ಟರ್ ಹಾಕಿದರೆ ಕಾರಿನ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಶಕ್ತಿಯ ಮಿತಿಯನ್ನು ನಿರ್ಧರಿಸುವುದು ಎಂಜಿನ್ ಒಳಗೆಳೆದುಕೊಳ್ಳುವ ಗಾಳಿ. ಇಂಜೆಕ್ಟರ್‌ನ ಕೆಲಸ ಆ ಗಾಳಿಗೆ ತಕ್ಕಷ್ಟು ಇಂಧನವನ್ನು ಒದಗಿಸುವುದು ಮಾತ್ರ. ಗಾಳಿಯನ್ನು ಹೆಚ್ಚಿಸದೆ ಇಂಜೆಕ್ಟರನ್ನು ಮಾತ್ರ ದೊಡ್ಡದು ಮಾಡಿದರೆ ಯಾವ ಲಾಭವೂ ಇಲ್ಲ. ಇಂಜೆಕ್ಟರನ್ನು ಹಾಗೆಯೇ ಬಿಟ್ಟು ಗಾಳಿಯನ್ನು ಹೆಚ್ಚಿಸುತ್ತ ಹೋದರೆ ಎಂಜಿನ್ ನಾಶವಾಗುವ ಸಂಭವವಿದೆ.

ಕಾರು ಮತ್ತು ಎಂಜಿನ್

ಆರ್53 ಕಾರಿನಲ್ಲಿರುವುದು 1598 ಸಿ.ಸಿ. ಸಾಮರ್ಥ್ಯದ, ನಾಲ್ಕು ಸಿಲಿಂಡರ್‌ಗಳ ಟ್ರೈಟೆಕ್ ಎಂಜಿನ್. ಕ್ರೈಸ್ಲರ್ ಮತ್ತು ಬಿ.ಎಂ.ಡಬ್ಲ್ಯೂ. ಸಂಸ್ಥೆಗಳ ಜಂಟಿ ಉದ್ಯಮವೊಂದು ಇದನ್ನು ಬ್ರೆಜಿಲ್ ದೇಶದಲ್ಲಿ ತಯಾರಿಸುತ್ತಿತ್ತು. ಎಂಜಿನ್ನಿಗೆ ಈಟನ್ ಸಂಸ್ಥೆಯ ಎಂ45 ಎಂಬ ರೂಟ್ಸ್ ಮಾದರಿಯ ಸೂಪರ್‌ಚಾರ್ಜರನ್ನು ಜೋಡಿಸಲಾಗಿದೆ. ಕ್ರ್ಯಾಂಕ್‌ಶಾಫ್ಟ್‌ನಿಂದ ಬರುವ ಬೆಲ್ಟ್ ಇದನ್ನು ತಿರುಗಿಸುತ್ತದೆ. ಒಂದು ಸುತ್ತಿಗೆ 45 ಘನ ಅಂಗುಲ, ಅಂದರೆ ಸುಮಾರು 737 ಸಿ.ಸಿ. ಗಾಳಿಯನ್ನು ಇದು ಮುಂದಕ್ಕೆ ತಳ್ಳುತ್ತದೆ. ಹೆಸರಿನಲ್ಲಿರುವ 45 ಸಂಖ್ಯೆ ಅದನ್ನೇ ಸೂಚಿಸುತ್ತದೆ. ಒತ್ತಲ್ಪಟ್ಟು ಬಿಸಿಯಾದ ಗಾಳಿಯು ಎಂಜಿನ್ನಿನ ಮೇಲಿರುವ ಇಂಟರ್‌ಕೂಲರ್‌ನಲ್ಲಿ ತಣಿದು ಸಿಲಿಂಡರ್‌ಗಳನ್ನು ಸೇರುತ್ತದೆ. ಬಾನೆಟ್ ಮೇಲೆ ಕಾಣುವ ಗಾಳಿಕಿಂಡಿ ಇರುವುದು ಈ ಇಂಟರ್‌ಕೂಲರ್‌ಗಾಗಿ.

ಆರಂಭದಲ್ಲಿ ಈ ಕಾರಿನ ಶಕ್ತಿ 163 ಅಶ್ವಶಕ್ತಿಯಷ್ಟಿತ್ತು. ನಂತರ ಅದು 170ಕ್ಕೆ ಏರಿತು. ಜಾನ್ ಕೂಪರ್ ವರ್ಕ್ಸ್ ಹೆಸರಿನಲ್ಲಿ ಮಾರಾಟವಾದ ಅಧಿಕೃತ ಉನ್ನತೀಕರಣದಲ್ಲಿ ಶಕ್ತಿಯನ್ನು ಮೊದಲು 200 ಅಶ್ವಶಕ್ತಿಗೂ ಬಳಿಕ 210 ಅಶ್ವಶಕ್ತಿಗೂ ಹೆಚ್ಚಿಸಲಾಯಿತು. ಸಾಮಾನ್ಯ ಕೂಪರ್ ಎಸ್ ಕಾರಿನ ಇಂಜೆಕ್ಟರ್‌ಗಳು ನಿಮಿಷಕ್ಕೆ ಸುಮಾರು 330 ಸಿ.ಸಿ. ಇಂಧನವನ್ನು ಹರಿಸಬಲ್ಲವು. 210 ಅಶ್ವಶಕ್ತಿಯ ಆವೃತ್ತಿಯಲ್ಲಿ ಅವುಗಳ ಸ್ಥಾನಕ್ಕೆ 380 ಸಿ.ಸಿ. ಇಂಜೆಕ್ಟರ್‌ಗಳು ಬಂದವು. ಕಾರು ಮಾಲೀಕರು ಇಂದಿಗೂ ಹೆಚ್ಚಾಗಿ ಆರಿಸಿಕೊಳ್ಳುವ ಗಾತ್ರ ಇದೇ.

ಇಂಜೆಕ್ಟರ್ ಕೆಲಸ ಮಾಡುವ ರೀತಿ

ಇಂಜೆಕ್ಟರ್ ಮೂಲತಃ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಪುಟ್ಟ ಕವಾಟ. ಅದರೊಳಗಿನ ಸೊಲೆನಾಯ್ಡ್ ಸುರುಳಿಗೆ ವಿದ್ಯುತ್ ಹರಿದಾಗ ಸೂಜಿಯಾಕಾರದ ಕವಾಟವು ಮೇಲೇಳುತ್ತದೆ. ಒತ್ತಡದಲ್ಲಿರುವ ಪೆಟ್ರೋಲು ಸೂಕ್ಷ್ಮ ರಂಧ್ರಗಳ ಮೂಲಕ ತುಂತುರಾಗಿ ಹೊರಬರುತ್ತದೆ. ಆರ್53 ಕಾರಿನಲ್ಲಿ ಈ ತುಂತುರು ನೇರವಾಗಿ ಸಿಲಿಂಡರಿಗೆ ಹೋಗದೆ, ಗಾಳಿಯ ಒಳಹರಿವಿನ ಕವಾಟದ ಹಿಂಬದಿಗೆ ಬೀಳುತ್ತದೆ.

ಎಷ್ಟು ಇಂಧನ ಬೇಕು ಎಂಬುದನ್ನು ಎಂಜಿನ್ ನಿಯಂತ್ರಕ ಗಣಕ, ಅಂದರೆ ಇ.ಸಿ.ಯು., ನಿರ್ಧರಿಸುತ್ತದೆ. ಆದರೆ ಅದು ಇಂಧನವನ್ನು ಅಳೆಯುವುದಿಲ್ಲ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಎಂದು ಮಾತ್ರ ಆಜ್ಞಾಪಿಸುತ್ತದೆ. ಅಷ್ಟು ಸಮಯದಲ್ಲಿ ಎಷ್ಟು ಪೆಟ್ರೋಲು ಹರಿಯುತ್ತದೆ ಎಂಬುದನ್ನು ತನ್ನ ನೆನಪಿನಲ್ಲಿರುವ ಇಂಜೆಕ್ಟರ್ ಗಾತ್ರದಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಹಲವಕ್ಕೆ ಮೂಲ ಇದೇ.

ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಇಂಧನ ಬೇಕು. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಎರಡು ಸುತ್ತುಗಳಿಗೆ ತಗಲುವ ಕಾಲ 20 ಮಿಲಿಸೆಕೆಂಡ್. 7000 ಸುತ್ತಿನಲ್ಲಿ ಸುಮಾರು 17. ಈ ಅವಧಿಯ ಶೇಕಡಾ ಎಷ್ಟು ಭಾಗ ಇಂಜೆಕ್ಟರ್ ತೆರೆದಿರುತ್ತದೆ ಎಂಬುದಕ್ಕೆ ಡ್ಯೂಟಿ ಸೈಕಲ್ ಎನ್ನುತ್ತಾರೆ. ಇದು ಶೇ. 80ರಿಂದ 85ರ ಒಳಗಿರಬೇಕು ಎಂಬುದು ರೂಢಿಯಲ್ಲಿರುವ ನಿಯಮ. ಅದನ್ನು ಮೀರಿದರೆ ಕವಾಟಕ್ಕೆ ಪೂರ್ತಿಯಾಗಿ ಮುಚ್ಚಿಕೊಳ್ಳಲು ಸಮಯ ಸಾಲದು, ಶೇ. 100 ತಲುಪಿದರೆ ಇಂಜೆಕ್ಟರ್ ಸದಾ ತೆರೆದೇ ಇರುತ್ತದೆ. ಆಗ ಇ.ಸಿ.ಯು. ಇನ್ನಷ್ಟು ಬೇಕೆಂದು ಕೇಳಿದರೂ ಕೊಡಲು ಏನೂ ಉಳಿದಿರುವುದಿಲ್ಲ.

ಇಂಧನದ ಕೊರತೆ ಉಂಟಾಗುವ ಬಗೆ

ಆರ್53 ಮಾಲೀಕರು ಸಾಮಾನ್ಯವಾಗಿ ಮಾಡುವ ಮೊದಲ ಬದಲಾವಣೆ ಸೂಪರ್‌ಚಾರ್ಜರ್‌ನ ಪುಲ್ಲಿಯದು. ಪುಲ್ಲಿಯ ವ್ಯಾಸವನ್ನು ಶೇ. 15ರಷ್ಟು ಕಿರಿದು ಮಾಡಿದರೆ ಸೂಪರ್‌ಚಾರ್ಜರ್ ಅದೇ ಎಂಜಿನ್ ವೇಗದಲ್ಲಿ ಸುಮಾರು ಶೇ. 17.6ರಷ್ಟು ಹೆಚ್ಚು ವೇಗವಾಗಿ ತಿರುಗುತ್ತದೆ, ಒಳಹೋಗುವ ಗಾಳಿಯೂ ಹೆಚ್ಚುತ್ತದೆ. ಇದರೊಂದಿಗೆ ಸುಧಾರಿತ ಸಿಲಿಂಡರ್ ಹೆಡ್, ನಿಷ್ಕಾಸ ಕೊಳವೆ, ದೊಡ್ಡ ಇಂಟರ್‌ಕೂಲರ್ ಸೇರಿದರೆ ಬೇಡಿಕೆ ಮತ್ತಷ್ಟು ಏರುತ್ತದೆ.

ಪೆಟ್ರೋಲು ಸಂಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಸೂಪರ್‌ಚಾರ್ಜರ್ ಪೂರ್ಣ ಒತ್ತಡ ನೀಡುತ್ತಿರುವಾಗ ಈ ಅನುಪಾತವನ್ನು ಬೇಕೆಂದೇ 12ರ ಆಸುಪಾಸಿಗೆ ಇಳಿಸಿರುತ್ತಾರೆ. ಹೆಚ್ಚುವರಿ ಇಂಧನವು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ದಹನಕೋಷ್ಠವನ್ನು ತಂಪಾಗಿಡುತ್ತದೆ. ಇಂಜೆಕ್ಟರ್ ತನ್ನ ಮಿತಿಯನ್ನು ಮುಟ್ಟಿದಾಗ ಮೊದಲು ಕಳೆದುಹೋಗುವುದು ಈ ರಕ್ಷಣೆಯೇ. ಮಿಶ್ರಣದಲ್ಲಿ ಇಂಧನ ಕಡಿಮೆಯಾಗುತ್ತದೆ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಎಂಜಿನ್ ಲೀನ್ ಆಗುತ್ತದೆ. ತಾಪ ಏರಿ, ಕಿಡಿಯಿಂದ ಹರಡುವ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯತೊಡಗುತ್ತದೆ. ಇದನ್ನು ನಾಕಿಂಗ್ ಎನ್ನುತ್ತಾರೆ. ನಾಕಿಂಗನ್ನು ಗ್ರಹಿಸುವ ಸಂವೇದಕವು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಿ ಸ್ವಲ್ಪಮಟ್ಟಿಗೆ ಕಾಪಾಡುತ್ತದೆ. ಆದರೂ ಇದೇ ಸ್ಥಿತಿ ಮುಂದುವರಿದರೆ ಪಿಸ್ಟನ್ನಿನ ರಿಂಗುಗಳ ನಡುವಣ ಭಾಗ ಒಡೆಯುವುದು, ಪಿಸ್ಟನ್ನಿನ ತಲೆಭಾಗ ಕರಗಿ ತೂತಾಗುವುದು ಮುಂತಾದ ಹಾನಿಗಳಾಗುತ್ತವೆ.

ಇಂಥ ಕೊರತೆ ಊರೊಳಗಿನ ಸಾಮಾನ್ಯ ಚಾಲನೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂಬುದೇ ಅಪಾಯದ ಸಂಗತಿ. ಪೆಡಲನ್ನು ಪೂರ್ತಿ ಒತ್ತಿ, ಎಂಜಿನ್ ತನ್ನ ಗರಿಷ್ಠ ವೇಗದ ಹತ್ತಿರವಿರುವ ಕೆಲವೇ ಕ್ಷಣಗಳಲ್ಲಿ ಅದು ಸಂಭವಿಸುತ್ತದೆ, ಹೆಚ್ಚಿನ ವೇಳೆ ಚಾಲಕನಿಗೆ ತಿಳಿಯುವುದೂ ಇಲ್ಲ.

ಗಾತ್ರದ ಲೆಕ್ಕಾಚಾರ

ಸೂಪರ್‌ಚಾರ್ಜರ್ ಇರುವ ಪೆಟ್ರೋಲ್ ಎಂಜಿನ್ ಪೂರ್ಣ ಹೊರೆಯಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಇಂಧನ ಬಳಸುತ್ತದೆ ಎಂದು ಅಂದಾಜಿಸಬಹುದು. 200 ಅಶ್ವಶಕ್ತಿಗೆ ಇದು ಗಂಟೆಗೆ 54 ಕಿಲೋಗ್ರಾಂ, ಅಂದರೆ ನಿಮಿಷಕ್ಕೆ 900 ಗ್ರಾಂ ಆಗುತ್ತದೆ. ಒಂದು ಸಿ.ಸಿ. ಪೆಟ್ರೋಲಿನ ತೂಕ ಸುಮಾರು 0.74 ಗ್ರಾಂ ಆದುದರಿಂದ ನಿಮಿಷಕ್ಕೆ ಬೇಕಾಗುವುದು 1216 ಸಿ.ಸಿ. ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿದರೆ ತಲಾ 304 ಸಿ.ಸಿ. ಡ್ಯೂಟಿ ಸೈಕಲ್ ಶೇ. 80ರಲ್ಲಿ ಉಳಿಯಬೇಕಾದರೆ ಇಂಜೆಕ್ಟರ್‌ನ ಗಾತ್ರ 304ನ್ನು 0.8ರಿಂದ ಭಾಗಿಸಿದಷ್ಟು, ಅಂದರೆ 380 ಸಿ.ಸಿ. ಇರಬೇಕು. ಇದೇ ಲೆಕ್ಕವನ್ನು 163 ಅಶ್ವಶಕ್ತಿಗೆ ಮಾಡಿದರೆ 310 ಸಿ.ಸಿ. ಬರುತ್ತದೆ. ಕಾರ್ಖಾನೆಯ 330 ಸಿ.ಸಿ. ಇಂಜೆಕ್ಟರ್ ಮೂಲ ಎಂಜಿನ್ನಿಗೆ ಸಾಕಾಗುತ್ತದೆ, ಆದರೆ ಹೆಚ್ಚಿನ ಅಂತರವನ್ನೇನೂ ಉಳಿಸುವುದಿಲ್ಲ.

ಇಂಜೆಕ್ಟರ್ ಮೇಲೆ ನಮೂದಿಸಿದ ಹರಿವು ಒಂದು ನಿರ್ದಿಷ್ಟ ಒತ್ತಡಕ್ಕೆ, ಸಾಮಾನ್ಯವಾಗಿ 3 ಬಾರ್‌ಗೆ, ಸಂಬಂಧಿಸಿದ್ದು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಬದಲಾಗುತ್ತದೆ. ಆರ್53 ಕಾರಿನ ಒತ್ತಡ ನಿಯಂತ್ರಕವು ಇಂಧನ ಟ್ಯಾಂಕಿನಲ್ಲಿದ್ದು, ಸುಮಾರು 3.5 ಬಾರ್ ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಒತ್ತಡ ಏರಿದಾಗ ಇದು ತಾನೂ ಏರಿಸುವುದಿಲ್ಲ. ಒಳಹರಿವಿನ ಕೊಳವೆಯಲ್ಲಿ 0.8 ಬಾರ್ ಒತ್ತಡವಿದ್ದರೆ ಅದು ಇಂಜೆಕ್ಟರ್ ತುದಿಗೆ ಎದುರಾಗಿ ನಿಲ್ಲುತ್ತದೆ; ಇಂಧನವನ್ನು ತಳ್ಳುವ ನಿಜವಾದ ಒತ್ತಡ 2.7 ಬಾರ್ ಮಾತ್ರ. ಆ ಸ್ಥಿತಿಯಲ್ಲಿ 330 ಸಿ.ಸಿ. ಇಂಜೆಕ್ಟರ್ ಕೊಡುವುದು ಸುಮಾರು 313 ಸಿ.ಸಿ., 380ರದ್ದು ಸುಮಾರು 360 ಸಿ.ಸಿ. ಹೀಗಾಗಿ 200 ಅಶ್ವಶಕ್ತಿಯನ್ನು ಮೂಲ ಇಂಜೆಕ್ಟರ್‌ಗಳಿಂದಲೇ ಪಡೆಯಲು ಹೊರಟರೆ ಡ್ಯೂಟಿ ಸೈಕಲ್ ಶೇ. 97 ತಲುಪುತ್ತದೆ. 380 ಸಿ.ಸಿ. ಇಂಜೆಕ್ಟರ್‌ನಲ್ಲಿ ಅದು ಶೇ. 84ರಷ್ಟಿರುತ್ತದೆ. ಗಾಳಿಯ ಒತ್ತಡ ಹೆಚ್ಚಾಗಿ ಇಂಧನ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಇಂಜೆಕ್ಟರ್‌ನ ಸಾಮರ್ಥ್ಯ ಕುಗ್ಗುವುದನ್ನು ಹಲವು ಸರಳ ಲೆಕ್ಕಗಳು ಕಡೆಗಣಿಸುತ್ತವೆ.

ಇಂಧನದ ಒತ್ತಡವನ್ನೇ ಹೆಚ್ಚಿಸಿ ಚಿಕ್ಕ ಇಂಜೆಕ್ಟರ್‌ಗಳಿಂದ ಕೆಲಸ ತೆಗೆಯುವ ಪದ್ಧತಿಯೂ ಇದೆ. ವರ್ಗಮೂಲದ ನಿಯಮದಿಂದಾಗಿ ಅದರ ಲಾಭ ಅಲ್ಪ. ಒತ್ತಡ ಹೆಚ್ಚಿದಂತೆ ಪಂಪು ತಳ್ಳಬಲ್ಲ ಪ್ರಮಾಣ ತಗ್ಗುವುದರಿಂದ ಅದಕ್ಕೊಂದು ಮಿತಿಯೂ ಇದೆ.

ಇ.ಸಿ.ಯು. ಮರುಹೊಂದಾಣಿಕೆ

330ರ ಜಾಗಕ್ಕೆ 380 ಸಿ.ಸಿ. ಇಂಜೆಕ್ಟರ್ ಹಾಕಿ ಇ.ಸಿ.ಯು.ಗೆ ತಿಳಿಸದಿದ್ದರೆ, ಪ್ರತಿ ಸಿಂಪಡಣೆಯಲ್ಲೂ ಶೇ. 15ರಷ್ಟು ಹೆಚ್ಚು ಪೆಟ್ರೋಲು ಹೋಗುತ್ತದೆ. ಸಾಧಾರಣ ವೇಗದಲ್ಲಿ ನಿಷ್ಕಾಸ ಕೊಳವೆಯ ಆಕ್ಸಿಜನ್ ಸಂವೇದಕ ಇದನ್ನು ಕಂಡುಹಿಡಿಯುತ್ತದೆ, ಇ.ಸಿ.ಯು. ಸಿಂಪಡಣೆಯ ಅವಧಿಯನ್ನು ಸುಮಾರು ಶೇ. 13ರಷ್ಟು ಕಡಿತಗೊಳಿಸಿ ಹೊಂದಿಕೊಳ್ಳುತ್ತದೆ. ಕಾರು ಸರಿಯಾಗಿಯೇ ಓಡುತ್ತಿದೆ ಎಂದು ಮಾಲೀಕರು ಭಾವಿಸಲು ಇದೇ ಕಾರಣ. ಎಂಜಿನ್ ತಣ್ಣಗಿರುವಾಗ ಹಾಗೂ ಪೂರ್ಣ ಹೊರೆಯಲ್ಲಿ ಇ.ಸಿ.ಯು. ಈ ಸಂವೇದಕವನ್ನು ನೆಚ್ಚದೆ, ತನ್ನೊಳಗಿನ ಕೋಷ್ಟಕದಂತೆ ನಡೆಯುತ್ತದೆ. ಆಗ ಅಗತ್ಯಕ್ಕಿಂತ ಹೆಚ್ಚಿನ ಇಂಧನ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಸ್ಪಾರ್ಕ್ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ, ಕೆಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಆದ್ದರಿಂದ ಹೊಸ ಇಂಜೆಕ್ಟರ್‌ನ ಹರಿವಿನ ಪ್ರಮಾಣವನ್ನಷ್ಟೇ ಅಲ್ಲದೆ, ಅದರ ಡೆಡ್ ಟೈಮ್ ಮಾಹಿತಿಯನ್ನೂ ಇ.ಸಿ.ಯು.ನಲ್ಲಿ ನಮೂದಿಸಬೇಕು. ವಿದ್ಯುತ್ ಹರಿದ ಕ್ಷಣಕ್ಕೂ ಕವಾಟ ನಿಜವಾಗಿ ತೆರೆಯುವ ಕ್ಷಣಕ್ಕೂ ನಡುವಿನ ವಿಳಂಬವೇ ಡೆಡ್ ಟೈಮ್. ಇದು ಸುಮಾರು ಒಂದು ಮಿಲಿಸೆಕೆಂಡಿನಷ್ಟಿದ್ದು, ಬ್ಯಾಟರಿ ವೋಲ್ಟೇಜ್ ಕುಸಿದಂತೆ ಹೆಚ್ಚಾಗುತ್ತದೆ. 16 ಮಿಲಿಸೆಕೆಂಡಿನ ಸಿಂಪಡಣೆಯಲ್ಲಿ ಇದರ ದೋಷ ಗೌಣ. ಎಂಜಿನ್ ಸುಮ್ಮನೆ ನಿಂತು ಓಡುವಾಗ ಒಟ್ಟು ಸಿಂಪಡಣೆಯೇ ಎರಡು ಮೂರು ಮಿಲಿಸೆಕೆಂಡ್ ಆಗಿರುವುದರಿಂದ ಅಲ್ಲಿ ಅದು ದೊಡ್ಡ ವ್ಯತ್ಯಾಸ ಮಾಡುತ್ತದೆ. 550 ಸಿ.ಸಿ.ಯಂತಹ ಅತಿ ದೊಡ್ಡ ಇಂಜೆಕ್ಟರ್ ಹಾಕಿದ ಕಾರುಗಳು ಸಿಗ್ನಲ್ಲಿನಲ್ಲಿ ನಿಂತಾಗ ತಡವರಿಸುವುದು ಇದೇ ಕಾರಣಕ್ಕೆ. ಮುಂದೆಂದಾದರೂ ಬೇಕಾದೀತು ಎಂದು ದೊಡ್ಡದನ್ನೇ ಕೊಳ್ಳುವುದು ಒಳ್ಳೆಯ ಆಯ್ಕೆಯಲ್ಲ.

ಹೊಂದಾಣಿಕೆಯ ಫಲಿತಾಂಶವನ್ನು ವೈಡ್‌ಬ್ಯಾಂಡ್ ಆಕ್ಸಿಜನ್ ಸಂವೇದಕದಿಂದ ಅಳೆಯಬೇಕು. ಕಾರಿನಲ್ಲಿರುವ ಸಾಮಾನ್ಯ ಸಂವೇದಕವು ಮಿಶ್ರಣ 14.7ಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಹೇಳಬಲ್ಲದೇ ಹೊರತು ಅದು 12 ಇದೆಯೋ 13 ಇದೆಯೋ ಎಂಬುದನ್ನು ಹೇಳಲಾರದು.

ಆಯ್ಕೆ ಮತ್ತು ಅಳವಡಿಕೆ

ಹರಿವಿನ ಸಂಖ್ಯೆಯೊಂದು ಹೊಂದಿದರೆ ಸಾಲದು. ಇಂಜೆಕ್ಟರ್ ಸುರುಳಿಯ ವಿದ್ಯುತ್ ರೋಧವೂ ಮುಖ್ಯ. ಇತ್ತೀಚಿನ ಕಾರುಗಳಲ್ಲಿ ಇದು ಸಾಮಾನ್ಯವಾಗಿ 12ರಿಂದ 16 ಓಮ್ ಇರುತ್ತದೆ. ಹಳೆಯ ಕೆಲವು ದೊಡ್ಡ ಇಂಜೆಕ್ಟರ್‌ಗಳಲ್ಲಿ 2ರಿಂದ 4 ಓಮ್ ಮಾತ್ರ. ಹೆಚ್ಚಿನ ರೋಧಕ್ಕೆಂದು ರೂಪಿಸಿದ ಇ.ಸಿ.ಯು.ಗೆ ಕಡಿಮೆ ರೋಧದ ಇಂಜೆಕ್ಟರ್ ಜೋಡಿಸಿದರೆ ಅದರ ಚಾಲಕ ಮಂಡಲವೇ ಸುಟ್ಟುಹೋಗಬಹುದು. ವಿದ್ಯುತ್ ಸಂಪರ್ಕದ ಆಕಾರ, ಇಂಜೆಕ್ಟರ್‌ನ ಉದ್ದ ಕೂಡ ಹೊಂದಬೇಕು. ಆರ್53 ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಒಳಹರಿವಿನ ಕವಾಟಗಳಿರುವುದರಿಂದ, ತುಂತುರನ್ನು ಎರಡು ಕವಲಾಗಿ ಸಿಂಪಡಿಸುವ ಇಂಜೆಕ್ಟರ್ ಸೂಕ್ತ. ನಾಲ್ಕೂ ಇಂಜೆಕ್ಟರ್‌ಗಳ ಹರಿವು ಪರಸ್ಪರ ಒಂದೆರಡು ಶೇಕಡಾಕ್ಕಿಂತ ಹೆಚ್ಚು ಭಿನ್ನವಾಗಿರಬಾರದು. ಸಂವೇದಕ ಅಳೆಯುವುದು ನಾಲ್ಕೂ ಸಿಲಿಂಡರ್‌ಗಳ ಸರಾಸರಿಯನ್ನು. ಒಂದು ಮಾತ್ರ ಇಂಧನವಿಲ್ಲದೆ ಬಳಲುತ್ತಿದ್ದರೆ ಅದು ಸರಾಸರಿಯಲ್ಲಿ ಮರೆಯಾಗುತ್ತದೆ. ಹಳೆಯ ಇಂಜೆಕ್ಟರ್ ಕೊಳ್ಳುವವರು ಅದನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ಶುಚಿಗೊಳಿಸಿ, ಹರಿವನ್ನು ಪರೀಕ್ಷಿಸಿಕೊಳ್ಳುವುದು ಒಳಿತು.

ಅಳವಡಿಕೆ ಕಷ್ಟವಲ್ಲ, ಆದರೆ ಬೆಂಕಿಯ ಅಪಾಯವುಳ್ಳದ್ದು. ಎಂಜಿನ್ ಆರಿದ ಮೇಲೂ ಇಂಧನದ ಕೊಳವೆಯಲ್ಲಿ ಒತ್ತಡ ಉಳಿದಿರುತ್ತದೆ. ತಣ್ಣಗಿರುವ ಎಂಜಿನ್ನಿನಲ್ಲಿ, ಮೊದಲು ಆ ಒತ್ತಡವನ್ನು ಇಳಿಸಿ, ಬ್ಯಾಟರಿಯ ಋಣ ತುದಿಯನ್ನು ಬಿಡಿಸಿದ ನಂತರವೇ ಇಂಧನ ರೈಲನ್ನು ಸಡಿಲಿಸಬೇಕು. ಹಳೆಯ ರಬ್ಬರ್ ಓ-ರಿಂಗುಗಳನ್ನು ಮರುಬಳಸಬಾರದು. ಹೊಸದಕ್ಕೆ ತುಸು ಎಣ್ಣೆ ಸವರಿ ಕೂರಿಸಿದರೆ ಅಂಚು ಹರಿಯುವುದಿಲ್ಲ. ಎಲ್ಲವನ್ನೂ ಜೋಡಿಸಿ ಬ್ಯಾಟರಿ ಸಂಪರ್ಕ ಕೊಟ್ಟ ಬಳಿಕ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಎರಡು ಮೂರು ಬಾರಿ ತಿರುಗಿಸಿ ಪಂಪಿನಿಂದ ಒತ್ತಡ ತುಂಬಿಸಿ, ಪ್ರತಿ ಸಂದಿಯನ್ನೂ ಸೋರಿಕೆಗಾಗಿ ನೋಡಬೇಕು.

ಎಥೆನಾಲ್ ಮತ್ತು ಭಾರತದ ಸಂದರ್ಭ

ಎಥೆನಾಲ್ ಉರಿಯಲು ತನ್ನ ತೂಕದ 9 ಪಟ್ಟು ಗಾಳಿ ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲಿಗಿಂತ ಹೆಚ್ಚು ಎಥೆನಾಲ್ ಬೇಕಾಗುತ್ತದೆ. ಶೇ. 85ರಷ್ಟು ಎಥೆನಾಲ್ ಇರುವ ಇ85 ಇಂಧನಕ್ಕೆ ಇಂಜೆಕ್ಟರ್ ಹರಿವು ಸುಮಾರು ಶೇ. 40ರಷ್ಟು ಹೆಚ್ಚಬೇಕು. ಭಾರತದಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಈ ಹೆಚ್ಚಳ ಶೇ. 7ರಿಂದ 8ರಷ್ಟು. ಮೂಲ ಸ್ಥಿತಿಯಲ್ಲಿರುವ ಕಾರಿಗೆ ಇದನ್ನು ಸರಿದೂಗಿಸಿಕೊಳ್ಳುವಷ್ಟು ಅವಕಾಶವಿರಬಹುದು. ಚಿಕ್ಕ ಪುಲ್ಲಿ ಹಾಕಿ ಡ್ಯೂಟಿ ಸೈಕಲ್ ಆಗಲೇ ಶೇ. 95 ತಲುಪಿರುವ ಎಂಜಿನ್ನಿಗೆ ಇರುವುದಿಲ್ಲ.

ಮಿನಿ ಕಾರುಗಳು ಭಾರತದ ಮಾರುಕಟ್ಟೆಗೆ ಅಧಿಕೃತವಾಗಿ ಬಂದದ್ದು 2012ರಲ್ಲಿ. ಅಷ್ಟರಲ್ಲಿ ಕೂಪರ್ ಎಸ್ ಮಾದರಿ ಸೂಪರ್‌ಚಾರ್ಜರನ್ನು ಬಿಟ್ಟು ಟರ್ಬೋಚಾರ್ಜರ್‌ಗೆ ಬದಲಾಗಿತ್ತು. ಭಾರತದಲ್ಲಿ ಯಾವುದೇ ವಾಹನವನ್ನು ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.