ಮಕ್ಕಳಿಗೆ ನೊರೆಹಾಲು ಬೇಡ



ನವರಾತ್ರಿಯಿಂದ ದೀಪಾವಳಿಯವರೆಗೆ ವಂಡ್ಸೆ ಸುತ್ತಮುತ್ತ ಭತ್ತದ ಕೊಯ್ಲಿನ ಗಡಿಬಿಡಿ. ಬೆಳಿಗ್ಗೆ ಸಂಘಕ್ಕೆ ಹಾಲು ಕೊಟ್ಟು ಗದ್ದೆಗೆ ಇಳಿಯುವ ಅವಸರದಲ್ಲಿ, ಹಟ್ಟಿಗೆ ಬಂದ ಮಗುವಿಗೆ ಆಗ ತಾನೇ ಕರೆದ ನೊರೆಹಾಲನ್ನೇ ಕೊಡುವುದುಂಟು. ಅದು ಪುಷ್ಟಿಕರ ಎಂಬ ನಂಬಿಕೆಯೂ ಇದೆ. ಇದು ಸರಿಯಲ್ಲ.

ದನ ನೋಡಲು ಆರೋಗ್ಯವಾಗಿದ್ದರೂ, ಬ್ರುಸೆಲ್ಲೋಸಿಸ್ ಎಂಬ ಕಂದು ಹಾಕುವ ರೋಗದ ಹಾಗೂ ಕ್ಷಯದ ರೋಗಾಣುಗಳು ಹಸಿ ಹಾಲಿನ ಮೂಲಕ ಮನುಷ್ಯರಿಗೆ ಹರಡಬಲ್ಲವು. ಬ್ರುಸೆಲ್ಲೋಸಿಸ್ ತಗಲಿದರೆ ಬಿಟ್ಟು ಬಿಟ್ಟು ಜ್ವರ, ಬೆವರು, ಗಂಟುನೋವು ಕಾಡುತ್ತವೆ. ಹಾಲನ್ನು ಉಕ್ಕಿ ಬರುವವರೆಗೆ ಕಾಯಿಸಿದರೆ ಈ ರೋಗಾಣುಗಳು ಸಾಯುತ್ತವೆ. ಹಾಲಿನ ಪುಷ್ಟಿ ಹೆಚ್ಚೇನೂ ಕುಂದದು.

ಆದುದರಿಂದ ಸಂಘಕ್ಕೆ ಹೊರಡುವ ಮೊದಲೇ ಮಗುವಿನ ಪಾಲನ್ನು ತೆಗೆದಿರಿಸಿ ಕಾಯಿಸಿರಿ. ಮೊದಲ 6 ತಿಂಗಳು ತಾಯಿಹಾಲು ಮಾತ್ರ ಸಾಕು; ವರ್ಷ ತುಂಬಿದ ಮೇಲೆ ದನದ ಹಾಲು ಕುಡಿಸಬಹುದು.

ಕಂದು ಹಾಕಿದ ದನದ ಬಳಿ ಮಕ್ಕಳನ್ನು ಬಿಡದೆ, ಪಶುವೈದ್ಯರಿಗೆ ತಿಳಿಸಿರಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ಒಳಗೆ ತಪ್ಪದೆ ಈ ರೋಗದ ಲಸಿಕೆ ಹಾಕಿಸಿರಿ.

ಸಂಘಕ್ಕೆ ಕೊಡುವ ಪ್ರತಿ ಲೀಟರಿನ ಲೆಕ್ಕ ಇಡುವ ನಾವು, ಮನೆಯ ಮಗುವಿನ ಒಂದು ಲೋಟ ಕಾಯಿಸಿದ ಹಾಲನ್ನು ಮರೆಯಬಾರದು.