ಹೀರೋ ಬೈಕೇ ಬೇರೆ, ನಮ್ಮ ಬೈಕೇ ಬೇರೆ!

ಥಾಯ್ಲೆಂಡಿನ 1864 ತಿರುವುಗಳಿಗೆ ಯಾವ ಬಾಡಿಗೆ ಗಾಡಿ?

‘ದಿ ಗ್ರೇಟ್ ಎಸ್ಕೇಪ್’ (1963) ನೋಡಿದವರು ಆ ಮೋಟಾರ್ ಸೈಕಲ್ ಹಾರಾಟವನ್ನು ಮರೆತಿರಲಾರರು. ಮುಂದೆ ಮುಳ್ಳುತಂತಿಯ ಬೇಲಿ, ಹಿಂದೆ ಅಟ್ಟಿಸಿಕೊಂಡು ಬರುವ ಜರ್ಮನ್ ಸೈನಿಕರು, ನಡುವೆ ನಮ್ಮ ಸ್ಟೀವ್ ಮ್ಯಾಕ್ವೀನ್! ಗಾಡಿ ಗಾಳಿಗೆ ಏರಿತೆಂದರೆ ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ. ಆದರೆ ಚಿತ್ರರಸಿಕರೇ, ಒಂದು ಗುಟ್ಟು ಕೇಳಿ. ಬೇಲಿ ಹಾರಿದವನು ಮ್ಯಾಕ್ವೀನ್ ಅಲ್ಲ, ಬಡ್ ಎಕಿನ್ಸ್ ಎಂಬ ಸಾಹಸಿ. ಜರ್ಮನ್ ಸೇನೆಯ ಗಾಡಿ ಎಂದು ತೋರಿಸಿದ್ದು ಜರ್ಮನಿಯದೂ ಅಲ್ಲ. ಬಣ್ಣ ಬಳಿದು ವೇಷ ಹಾಕಿಸಿದ ಇಂಗ್ಲೆಂಡಿನ ಟ್ರಯಂಫ್!

ಜೇಮ್ಸ್ ಬಾಂಡನ ಕಥೆಯೂ ಅಷ್ಟೇ. ‘ಟುಮಾರೋ ನೆವರ್ ಡೈಸ್’ (1997) ಚಿತ್ರದಲ್ಲಿ ಪಿಯರ್ಸ್ ಬ್ರಾಸ್ನನ್, ಮಿಶೆಲ್ ಯೋ ಇಬ್ಬರ ಕೈಗೂ ಒಂದೇ ಕೋಳ, ಕೂತಿರುವುದು ಒಂದೇ ಬಿಎಂಡಬ್ಲ್ಯು ಮೇಲೆ. ಕಥೆಯಲ್ಲಿ ಅದು ವಿಯೆಟ್ನಾಮಿನ ಸೈಗಾನ್ ನಗರ. ಕ್ಯಾಮೆರಾ ಇಟ್ಟದ್ದು ಮಾತ್ರ ಥಾಯ್ಲೆಂಡಿನ ಬ್ಯಾಂಕಾಕಿನಲ್ಲಿ. ಹೆಲಿಕಾಪ್ಟರಿನ ಮೇಲೆ ಗಾಡಿ ಹಾರಿಸಿದವನು ಝಾನ್ ಪಿಯೆರ್ ಗ್ವಾ ಎಂಬ ಫ್ರೆಂಚ್ ಸಾಹಸಿ. ಆ ಗಾಡಿಯ ತೂಕ ಎಷ್ಟು ಗೊತ್ತೇ? ಹತ್ತಿರ ಹತ್ತಿರ ಎರಡೂವರೆ ಕ್ವಿಂಟಲ್!

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂದು ನಮ್ಮ ಹುಡುಗರು ಬೆಂಗಳೂರಲ್ಲಿ ವಿಮಾನ ಹತ್ತಿ ಥಾಯ್ಲೆಂಡಿಗೆ ಹೋಗಿ, ಬಾಡಿಗೆ ಮೋಟಾರ್ ಸೈಕಲ್ ಹತ್ತಿ ಬೆಟ್ಟ ಸುತ್ತುತ್ತಿದ್ದಾರೆ. ‘ಸಿಂಗಪೂರ್‌ನಲ್ಲಿ ರಾಜಾ ಕುಳ್ಳ’ (1978) ಬಂದ ಕಾಲದಲ್ಲಿ ವಿದೇಶ ಅಂದರೆ ನಿರ್ಮಾಪಕರಿಗೇ ದೊಡ್ಡ ಸಾಹಸವಾಗಿತ್ತು. ಈಗ ಸಂಬಳದಲ್ಲಿ ಒಂದಿಷ್ಟು ಕೂಡಿಟ್ಟ ಹುಡುಗನಿಗೂ ಅದು ಎಟುಕುತ್ತದೆ. ಸಂತೋಷವೇ. ಆದರೆ ಅಂಗಡಿಯ ಮುಂದೆ ನಿಂತಾಗ ಅವನು ಗಾಡಿ ಆರಿಸುವುದು ಕಣ್ಣಿನಿಂದ, ಮನಸ್ಸಿನಲ್ಲಿರುವ ಕಟೌಟ್ ನೋಡಿಕೊಂಡು! ಗೋಳು ಶುರುವಾಗುವುದು ಅಲ್ಲಿಂದಲೇ. ಆ ಬೆಟ್ಟಗಳನ್ನು ನಾನೂ ನಾಲ್ಕು ದಿನ ಸುತ್ತಿ ಬಂದೆ. ಕಂಡದ್ದು, ತಿಳಿದದ್ದು ಇಲ್ಲಿದೆ.

ದಾರಿ ಮೊದಲು, ಗಾಡಿ ಆಮೇಲೆ

ಉತ್ತರ ಥಾಯ್ಲೆಂಡಿನ ದೊಡ್ಡ ಊರು ಚಿಯಾಂಗ್ ಮಾಯ್. ಅಲ್ಲಿಂದ ಹೊರಟು ಪಾಯ್, ಮೇ ಹಾಂಗ್ ಸಾನ್, ಮೇ ಸರಿಯಾಂಗ್ ಊರುಗಳನ್ನು ಮುಟ್ಟಿ ಮತ್ತೆ ಚಿಯಾಂಗ್ ಮಾಯ್‌ಗೆ ಬಂದರೆ ಸುಮಾರು 600 ಕಿಲೋಮೀಟರ್. ಮೋಟಾರ್ ಸೈಕಲ್ ಹುಚ್ಚರ ಬಾಯಲ್ಲಿ ಇದು ‘ಮೇ ಹಾಂಗ್ ಸಾನ್ ಸುತ್ತು’. ತಿರುವುಗಳ ಲೆಕ್ಕ 1864! ಸುತ್ತು ಮುಗಿಸಿದವರಿಗೆ ಮೇ ಹಾಂಗ್ ಸಾನ್‌ನಲ್ಲಿ ಪ್ರಮಾಣಪತ್ರ ಬೇರೆ ಕೊಡುತ್ತಾರೆ. ಪಾಯ್ ಮುಟ್ಟುವುದರೊಳಗೇ 762 ತಿರುವು ಅಂತ ಅಲ್ಲಿ ಬನಿಯನ್ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ನಮ್ಮ ಆಗುಂಬೆ ಘಾಟಿಯ 14 ತಿರುವು ಹತ್ತಿ ಮೀಸೆ ತಿರುವಿದವರು ಒಮ್ಮೆ ಯೋಚಿಸಿ.

ಟಾರು ರಸ್ತೆ ಚೆನ್ನಾಗಿದೆ. ನಮ್ಮಂತೆಯೇ ಎಡಗಡೆ ಓಡಿಸುವ ದೇಶ, ಅದೊಂದು ದೊಡ್ಡ ಅನುಕೂಲ. ಪಕ್ಕದ ಲಾವೋಸ್, ವಿಯೆಟ್ನಾಮುಗಳಲ್ಲಿ ಬಲಗಡೆ. ಹಾಗಾದರೆ ಇಲ್ಲಿ ಕಷ್ಟ ಯಾವುದು? ವೇಗವಲ್ಲ. ಏರು, ಇಳಿಜಾರು, ಮತ್ತೆ ಏರು. ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು. ಗಂಟೆಗೆ 40-50 ಕಿಲೋಮೀಟರ್ ಹೋದರೆ ಅದೇ ಹೆಚ್ಚು. ಇಂಥ ಕಡೆ 120ರಲ್ಲಿ ಹಾರುವ ಗಾಡಿ ಕಟ್ಟಿಕೊಂಡು ಏನು ಮಾಡುತ್ತೀರಿ? ಬೇಕಾದ್ದು ಹಿಡಿತ, ಬ್ರೇಕು, ಮತ್ತು ನಿಮ್ಮ ಮಾತು ಕೇಳುವ ತೂಕ.

ಅಂಗಡಿಯಲ್ಲಿ ನಾಲ್ಕು ಬಗೆ

ಚಿಯಾಂಗ್ ಮಾಯ್‌ನ ಬಾಡಿಗೆ ಅಂಗಡಿಗಳಲ್ಲಿ ಸಾಲಾಗಿ ನಿಂತಿರುವ ಗಾಡಿಗಳನ್ನು ನಾಲ್ಕು ಬಗೆ ಮಾಡಬಹುದು.

ಒಂದು, ಹೋಂಡಾ ಕ್ಲಿಕ್‌ನಂಥ ಗೇರಿಲ್ಲದ ಸ್ಕೂಟರ್. ದಿನದ ಬಾಡಿಗೆ ಸಾಮಾನ್ಯವಾಗಿ 200ರಿಂದ 350 ಬಾತ್. (ಬಾತ್ ಅಂದರೆ ತಿನ್ನುವ ಬಾತ್ ಅಲ್ಲ ಸ್ವಾಮಿ, ಅಲ್ಲಿನ ದುಡ್ಡು!) ಊರೊಳಗೆ ಸುತ್ತಲು ಇದಕ್ಕಿಂತ ಸುಖ ಇಲ್ಲ. ಆದರೆ ಗೇರು ನಮ್ಮ ಕೈಯಲ್ಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುವುದು ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಕಿಲೋಮೀಟರ್‌ಗಟ್ಟಲೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಸಡಿಲವಾಗುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ ನಿಧಾನವಾಗಿ ಇಳಿಯುವ ತಾಳ್ಮೆ ಇದ್ದವನಿಗೆ ಮಾತ್ರ ಇದು ಬೆಟ್ಟಕ್ಕೆ ಆದೀತು. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡರಂತೂ ಏರಿನಲ್ಲಿ ಉಸಿರು ಕಟ್ಟುತ್ತದೆ.

ಎರಡು, ಹೋಂಡಾ ವೇವ್. ಅಲ್ಲಿನ ರೈತ, ಅಂಚೆಯವನು, ಮೇಷ್ಟ್ರು ಎಲ್ಲರ ಗಾಡಿ. ಕೈಗೆ ಕ್ಲಚ್ ಇಲ್ಲ, ಕಾಲಿಗೆ ನಾಲ್ಕು ಗೇರು. ತೂಕ ಒಂದು ಕ್ವಿಂಟಲ್ ಆಸುಪಾಸು. ಇಳಿಜಾರು ಬಂದರೆ ಎರಡನೇ ಗೇರಿಗೆ ಹಾಕಿ, ಎಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ. ಕೆಟ್ಟರೆ ಸಣ್ಣ ಹಳ್ಳಿಯಲ್ಲೂ ರಿಪೇರಿ ಮಾಡುವವನು ಸಿಗುತ್ತಾನೆ. ಒಂದು ಎಚ್ಚರಿಕೆ: ಮುಂಗಾಲಿನಿಂದ ಒತ್ತಿದರೆ ಗೇರು ಏರುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಇಳಿಯುತ್ತದೆ. ಬುಲೆಟ್ ಓಡಿಸಿದ ಕಾಲಿಗೆ ಇದು ಪೂರಾ ಉಲ್ಟಾ.

ಮೂರು, ಹೋಂಡಾ ಸಿಆರ್‌ಎಫ್ 300ರಂಥ ಎತ್ತರದ ಗಾಡಿ. ಮಣ್ಣುದಾರಿಗೆ ಹೇಳಿಮಾಡಿಸಿದ್ದು, ತೂಕ ಸುಮಾರು 140 ಕಿಲೋ. ಆದರೆ ಸೀಟಿನ ಎತ್ತರ 88 ಸೆಂಟಿಮೀಟರ್! ಐದೂವರೆ ಅಡಿ ಎತ್ತರದವನ ಕಾಲು ನೆಲ ಮುಟ್ಟುವುದು ತುದಿಬೆರಳಲ್ಲಿ.

ನಾಲ್ಕು, 500 ಸಿಸಿ ಮತ್ತು ಅದಕ್ಕೂ ಮೇಲಿನ ದೊಡ್ಡವು. ಬಾಡಿಗೆ ಸಾವಿರ ಬಾತ್ ದಾಟುತ್ತದೆ. ಹೋಂಡಾ ಸಿಬಿ 500 ಎಕ್ಸ್ ತೂಕ ಸುಮಾರು 200 ಕಿಲೋ. ಕೆಲವು ಅಂಗಡಿಗಳಲ್ಲಿ ನಮ್ಮ ರಾಯಲ್ ಎನ್‌ಫೀಲ್ಡ್ ಕೂಡ ಸಿಗುತ್ತದೆ. ಇಬ್ಬರು ಸಾಮಾನು ಸಮೇತ ಹೊರಟಿದ್ದರೆ, ಊರಲ್ಲಿ ಇಂಥ ಗಾಡಿಯನ್ನೇ ವರ್ಷಗಟ್ಟಲೆ ಓಡಿಸಿದ್ದರೆ, ಇದಕ್ಕಿಂತ ಆರಾಮ ಬೇರೆ ಇಲ್ಲ. ಹಾಗಲ್ಲದಿದ್ದರೆ ಇದು ಫೋಟೋಕ್ಕೆ ಮಾತ್ರ.

ನಾನು ವೇವ್ ಹಿಡಿದೆ. ಒಬ್ಬನೇ ಇದ್ದೆ, ಒಂದೇ ಚೀಲ. ದಿನಕ್ಕೆ 110ರಿಂದ 190 ಕಿಲೋಮೀಟರ್. ಟ್ಯಾಂಕು ಚಿಕ್ಕದು, ಐದೂವರೆ ಲೀಟರಿನ ಆಸುಪಾಸು. ಹಾಗಾಗಿ ಊರು ಬಂದಾಗಲೆಲ್ಲ ಬಂಕಿಗೆ ನುಗ್ಗಿ ತುಂಬಿಸುವುದು ಅಭ್ಯಾಸವಾಯಿತು. ದೊಡ್ಡ ಗಾಡಿಯವರು ಸೊಂಯ್ ಅಂತ ದಾಟಿ ಹೋಗುತ್ತಿದ್ದರು. ಮುಂದಿನ ಚಹಾ ಅಂಗಡಿಯಲ್ಲಿ ಅವರೇ ಸಿಗುತ್ತಿದ್ದರು!

ಪಾಯ್‌ನಲ್ಲಿ ಸಿಕ್ಕ ದಾವಣಗೆರೆ ಹುಡುಗ

ಪಾಯ್ ಸಣ್ಣ ಊರು. ಸಂಜೆ ಬೀದಿಯಲ್ಲಿ ನಡೆದರೆ ಮೊಣಕೈಗೆ, ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ವಿದೇಶಿಯರು ಎದುರಾಗುತ್ತಲೇ ಇರುತ್ತಾರೆ. ಅಂಥವರ ನಡುವೆ ಒಬ್ಬ ಹುಡುಗ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದ. ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್, ಕಂಕುಳಲ್ಲಿ ಕೋಲು. ಕೂರಿಸಿ ಮಾತಾಡಿಸಿದೆ. ದಾವಣಗೆರೆಯವನು, ವಯಸ್ಸು ಇಪ್ಪತ್ನಾಲ್ಕು. ಊರಲ್ಲಿ ಓಡಿಸುವುದು 110 ಸಿಸಿ ಗಾಡಿ. ಇಲ್ಲಿ ಹಿಡಿದದ್ದು 650 ಸಿಸಿ!

“ಬಹಳ ಜೋರಾಗಿ ಹೋಗ್ತಿದ್ದೆಯಾ ತಮ್ಮಾ?” ಅಂದೆ.

“ಇಲ್ಲ ಅಣ್ಣಾ. ಓಡೋ ಗಾಡಿ ಬೀಳ್ಲಿಲ್ಲ ನೋಡ್ರಿ, ನಿಂತ ಗಾಡಿ ಬಿತ್ತು!”

ಬೆಟ್ಟದ ನೋಟ ಚೆನ್ನಾಗಿದೆ ಅಂತ ಇಳಿಜಾರಿನ ಅಂಚಿನಲ್ಲಿ ನಿಲ್ಲಿಸಿದ್ದಾನೆ. ಎಡಗಾಲು ಕೆಳಗಿಟ್ಟ ಕಡೆ ನೆಲ ಒಂದು ಗೇಣು ತಗ್ಗು. ಗಾಡಿ ವಾಲಿತು. ಎರಡು ಕ್ವಿಂಟಲಿಗೂ ಮಿಕ್ಕಿದ ಕಬ್ಬಿಣ ಒಮ್ಮೆ ವಾಲಿದರೆ ಹಿಡಿಯಲು ಯಾವ ತೋಳಿಗೂ ಆಗದು. ಕಾಲು ಅಡಿಗೆ ಸಿಕ್ಕಿತು, ಹಿಮ್ಮಡಿಯ ಮೇಲಿನ ಮೂಳೆ ಮುರಿಯಿತು.

ಮುರಿದದ್ದು ಅದೊಂದೇ ಅಲ್ಲ. ಪ್ರವಾಸದ ವಿಮೆ ಮಾಡಿಸಿದ್ದ. ವಿಮೆಯವರು ಮೊದಲು ಕೇಳಿದ್ದು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಅದು ಇರಲಿಲ್ಲ. ಊರಿನ ಲೈಸೆನ್ಸ್ ತೋರಿಸಿದ, ಆಗಲ್ಲ ಅಂದರು. ಆಸ್ಪತ್ರೆಯ ಬಿಲ್ಲು ಅವನ ತಲೆಗೇ ಬಂತು. ಗಾಡಿಯ ಮುರಿದ ಲಿವರ್, ಜಜ್ಜಿದ ಟ್ಯಾಂಕಿನ ಲೆಕ್ಕ ಬೇರೆ. ಪಾಸ್‌ಪೋರ್ಟು ಅಡವಿನ ರೂಪದಲ್ಲಿ ಅಂಗಡಿಯವನ ಪೆಟ್ಟಿಗೆಯಲ್ಲಿ! ದುಡ್ಡು ಕಟ್ಟದೆ ಅದು ಕೈಗೆ ಬಾರದು, ಅದಿಲ್ಲದೆ ವಿಮಾನ ಹತ್ತುವ ಹಾಗಿಲ್ಲ. ಅವನ ತಂದೆ ಊರಲ್ಲಿ ಕೈಸಾಲ ಮಾಡಿ ದುಡ್ಡು ಕಳಿಸಿದ್ದರು. “ಅಪ್ಪಾಜಿಗೆ ಹೆಂಗೆ ಮುಖ ತೋರ್ಸೋದು ಅಣ್ಣಾ” ಅಂತ ಕೇಳಿದ. ಏನು ಹೇಳಲಿ? ಚಹಾ ತರಿಸಿ ಕೊಟ್ಟೆ.

ಎರಡು ಕಾಲಿನ ಪರೀಕ್ಷೆ

ಆದ್ದರಿಂದ ಗೆಳೆಯರೇ, ಗಾಡಿ ಆರಿಸುವಾಗ ಸಿಸಿ ಕೇಳುವ ಮೊದಲು ಈ ಪರೀಕ್ಷೆ ಮಾಡಿ. ಸೀಟಿನ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರುತ್ತವೆಯೇ? ಸೈಡ್ ಸ್ಟ್ಯಾಂಡಿನಿಂದ ಒಬ್ಬರೇ ಎತ್ತಿ ನೆಟ್ಟಗೆ ನಿಲ್ಲಿಸಬಲ್ಲಿರಾ? ಇಳಿದು, ಹ್ಯಾಂಡಲ್ ಹಿಡಿದು, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಬಲ್ಲಿರಾ? ಚೀಲ ಕಟ್ಟಿದ ಮೇಲೆ ಇನ್ನೊಮ್ಮೆ ನೋಡಿ. ಮೂರಕ್ಕೂ ಹೌದು ಅಂದರೆ ಅದು ನಿಮ್ಮ ಗಾಡಿ. ಒಂದಕ್ಕೆ ಇಲ್ಲ ಅಂದರೂ ಪಕ್ಕದ ಚಿಕ್ಕದಕ್ಕೆ ಹೋಗಿ.

ಇನ್ನೊಂದು ಮಾತು, ಕೈಕಾಲಿಗೆ ಪಳಗಿದ ಬಗೆಯನ್ನೇ ಹಿಡಿಯಿರಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬಿಟ್ಟ ಜಾವಾ, ಎಜ್ಡಿ ಗಾಡಿಗಳನ್ನು ನೆನೆಸಿಕೊಳ್ಳಿ. ಕಿಕ್ ಹೊಡೆಯುವುದೂ ಅದೇ ಲಿವರ್, ಗೇರ್ ಹಾಕುವುದೂ ಅದೇ ಲಿವರ್! ಬಲ್ಲವನಿಗೆ ಅದು ಆಟ, ಹೊಸಬನಿಗೆ ಪರದಾಟ. ಪರದೇಶದ ಘಾಟಿ ಹೊಸ ಪಾಠ ಕಲಿಯುವ ಜಾಗವಲ್ಲ. ಹೊಸ ಬಗೆಯ ಗಾಡಿಯೇ ಬೇಕಾದರೆ ಮೊದಲ ದಿನ ಊರ ಸುತ್ತಲೇ ಓಡಿಸಿ ನೋಡಿ.

ಕಾಗದವೂ ಒಂದು ಬಿಡಿಭಾಗ

ಇಂಟರ್‌ನ್ಯಾಷನಲ್ ಪರ್ಮಿಟ್ ನಮ್ಮ ಆರ್‌ಟಿಓ ಆಫೀಸಿನಲ್ಲೇ ಸಿಗುತ್ತದೆ. ಶುಲ್ಕ 1000 ರೂಪಾಯಿ, ಆಯುಷ್ಯ ಒಂದು ವರ್ಷ. ಊರಿನ ಲೈಸೆನ್ಸಿನಲ್ಲಿ ಗೇರು ಇರುವ ಮೋಟಾರ್ ಸೈಕಲ್ಲಿನ ಅನುಮತಿ ಇರಬೇಕು. ಕಾರಿನದು ಮಾತ್ರ ಇದ್ದರೆ ಪರ್ಮಿಟ್ಟಿನಲ್ಲೂ ಕಾರೇ ಬರುತ್ತದೆ. ಪರ್ಮಿಟ್ ಕೈಗೆ ಬಂದ ಕೂಡಲೇ ‘ಎ’ ವರ್ಗದ ಮುದ್ರೆ ಬಿದ್ದಿದೆಯೇ ನೋಡಿಕೊಳ್ಳಿ, ಮೋಟಾರ್ ಸೈಕಲ್ ಅಂದರೆ ಅದೇ. ಚಿಯಾಂಗ್ ಮಾಯ್ ರಸ್ತೆಗಳಲ್ಲಿ ಪೊಲೀಸರು ನಿಲ್ಲಿಸಿ ಕೇಳುವುದು ಇದನ್ನೂ ಹೆಲ್ಮೆಟನ್ನೂ.

ಬಾಡಿಗೆ ಗಾಡಿಗೆ ಅಲ್ಲಿನ ಕಡ್ಡಾಯ ವಿಮೆ ಇರುತ್ತದೆ, ‘ಪೊ ರೊ ಬೊ’ ಅನ್ನುತ್ತಾರೆ. ಅದು ಮನುಷ್ಯರ ಗಾಯಕ್ಕೆ ಒಂದು ಮಿತಿಯೊಳಗೆ ಕೊಡುವುದೇ ಹೊರತು ಗಾಡಿಯ ರಿಪೇರಿಗಾಗಲಿ ಕಳವಿಗಾಗಲಿ ಅಲ್ಲ. ನಿಮ್ಮ ಪ್ರವಾಸದ ವಿಮೆಯ ಸಣ್ಣಕ್ಷರಗಳನ್ನೂ ಓದಿ. ಕೆಲವು ಪಾಲಿಸಿಗಳಲ್ಲಿ ಇಷ್ಟು ಸಿಸಿ ಮೀರಿದರೆ ಇಲ್ಲ ಅಂತಲೇ ಬರೆದಿರುತ್ತದೆ. ಕುಡಿದಿದ್ದರೆ, ಹೆಲ್ಮೆಟ್ ಹಾಕದಿದ್ದರೆ ಬಾಗಿಲು ಮುಚ್ಚಿದಂತೆಯೇ. ಗಾಡಿಯ ಸಿಸಿ ನಿಶ್ಚಯಿಸುವ ಮೊದಲು ಆ ಕಾಗದ ಓದಿದವನೇ ಜಾಣ.

ಅಂಗಡಿಯ ಮುಂದೆ ಹತ್ತು ನಿಮಿಷ

ಪಾಸ್‌ಪೋರ್ಟ್ ಅಡ ಇಡಬೇಡಿ. ನಗದು ಠೇವಣಿ ಮತ್ತು ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿ ತೆಗೆದುಕೊಳ್ಳುವ ಅಂಗಡಿಗಳಿವೆ, ನಾಲ್ಕು ಕಡೆ ಕೇಳಿ. ಗಾಡಿಯ ಸುತ್ತ ನಡೆದು ಪ್ರತಿ ಗೀರನ್ನೂ ಅಂಗಡಿಯವನ ಎದುರಲ್ಲೇ ಫೋನಿನಲ್ಲಿ ವಿಡಿಯೋ ಮಾಡಿ. ಟೈರಿನ ಗೆರೆ ಸವೆದಿದ್ದರೆ ಬೇರೆ ಗಾಡಿ ಕೇಳಿ. ಎರಡೂ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ ನೋಡಿ. ಹೆಡ್‌ಲೈಟು, ಹಾರನ್ನು, ಚೈನು ಪರೀಕ್ಷಿಸಿ. ನೋಂದಣಿ ಪುಸ್ತಕದ ಪ್ರತಿ ಸೀಟಿನ ಕೆಳಗಿರಲಿ. ಅಂಗಡಿಯ ಹೆಲ್ಮೆಟ್ ಸಾಮಾನ್ಯವಾಗಿ ತೆಳು ಚಿಪ್ಪು. ಮುಖ ಮುಚ್ಚುವ ನಿಮ್ಮದೇ ಹೆಲ್ಮೆಟ್ ಒಯ್ದರೆ ಉತ್ತಮ.

ಹೋಗುವುದಾದರೆ ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಬೆಳಿಗ್ಗೆ ಬೆಟ್ಟಗಳ ಮೇಲೆ ಚಳಿ, ಕಣಿವೆ ತುಂಬ ಮಂಜು. ಮಾರ್ಚ್, ಏಪ್ರಿಲ್‌ನಲ್ಲಿ ಹೊಲ-ಕಾಡುಗಳಿಗೆ ಬೆಂಕಿ ಹಚ್ಚಿದ ಹೊಗೆ, ನೋಟವೂ ಇಲ್ಲ, ಉಸಿರೂ ಇಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಧೋ ಎನ್ನುವ ಮಳೆ. ಸಮಯ ಉಳಿದರೆ ಹಿಂದಿರುಗುವ ದಾರಿಯಲ್ಲಿ ಚೋಮ್ ಥಾಂಗ್ ಬಳಿ ತಿರುಗಿ ದೋಯ್ ಇಂಥಾನನ್ ಹತ್ತಿ. 2565 ಮೀಟರ್, ಥಾಯ್ಲೆಂಡಿನ ಅತಿ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿಗಿಂತ 600 ಮೀಟರಿಗೂ ಹೆಚ್ಚು ಎತ್ತರ! ನನ್ನ ವೇವ್ ಎರಡನೇ ಗೇರಿನಲ್ಲಿ ಗೊಣಗುತ್ತಲೇ ಹತ್ತಿತು, ಬೇಸರ ಮಾಡಿಕೊಳ್ಳಲಿಲ್ಲ.

ಹಣ ನಿಮ್ಮದು, ಕಾಲು ನಿಮ್ಮದು, ಮನೆಯಲ್ಲಿ ಕಾಯುವ ತಾಯ್ತಂದೆ ನಿಮ್ಮವರು. ಸಿನಿಮಾದ ಹೀರೋಗೆ ಬೀಳಲು ಬದಲಿ ಆಳು ಇರುತ್ತಾನೆ, ರೀಟೇಕ್ ಇರುತ್ತದೆ. ಘಾಟಿಯಲ್ಲಿ ನಮಗೆ ಎರಡೂ ಇಲ್ಲ. ಎರಡು ಕಾಲೂ ನೆಲಕ್ಕೆ ಊರುವ ಗಾಡಿ ಹಿಡಿಯಿರಿ. ಆಮೇಲೆ ನೋಡಿ, 1864 ತಿರುವಿನಲ್ಲೂ ಹೀರೋ ನೀವೇ!