ಕಪ್ಪು ಕುಳಿ ನಮ್ಮನ್ನು ನುಂಗುವುದು ಯಾವಾಗ?

ಪೀಣ್ಯದ ಒಂದು ಶಾಲೆಗೆ ಹೋಗಿದ್ದಾಗ ಪ್ರಶ್ನೆ ಪೆಟ್ಟಿಗೆಯಲ್ಲಿ ಒಂದು ಚೀಟಿ ಸಿಕ್ಕಿತು. ಬರೆದವಳು ಆರನೇ ತರಗತಿಯ ಹುಡುಗಿ. “ಸರ್, ನಮ್ಮ ಗೆಲಕ್ಸಿಯ ಮಧ್ಯದಲ್ಲಿ ಕಪ್ಪು ಕುಳಿ ಇದೆಯಂತೆ. ಅದು ಎಲ್ಲವನ್ನೂ ಎಳೆದುಕೊಳ್ಳುತ್ತದಂತೆ. ನಮ್ಮನ್ನು ನುಂಗುವುದು ಯಾವಾಗ?” ಅಣ್ಣನ ಮೊಬೈಲಿನಲ್ಲಿ ಏನೋ ವಿಡಿಯೋ ನೋಡಿ ಎರಡು ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲವಂತೆ. ನಗಬೇಡಿ, ಪ್ರಶ್ನೆ ಚೆನ್ನಾಗಿದೆ.

ಕಪ್ಪು ಕುಳಿ ಎಂದರೆ ನಿಜವಾದ ಕುಳಿಯಲ್ಲ. ಅಪಾರ ದ್ರವ್ಯರಾಶಿ ಬಹಳ ಚಿಕ್ಕ ಜಾಗದಲ್ಲಿ ಅಡಕವಾಗಿರುವ ಕಾಯ. ತೀರ ಹತ್ತಿರ ಹೋದ ಬೆಳಕು ಕೂಡ ಅದರ ಗುರುತ್ವದಿಂದ ತಪ್ಪಿಸಿಕೊಂಡು ಹೊರಬರಲಾರದು. ನಮ್ಮ ಗೆಲಕ್ಸಿಯಾದ ಆಕಾಶಗಂಗೆಯ ಮಧ್ಯದಲ್ಲಿ ಇಂಥದೊಂದು ಇರುವುದು ನಿಜ. ಅದರ ಹೆಸರು ಸ್ಯಾಜಿಟೇರಿಯಸ್ ಎ-ಸ್ಟಾರ್. ಸುಮಾರು 43 ಲಕ್ಷ ಸೂರ್ಯರಷ್ಟು ದ್ರವ್ಯರಾಶಿ! 2022ರಲ್ಲಿ ಅದರ ಚಿತ್ರವೂ ಪ್ರಕಟವಾಯಿತು.

ಆದರೆ ಅದರ ಗಾತ್ರ ಎಷ್ಟು? ಅಡ್ಡಳತೆ ಸುಮಾರು ಎರಡೂವರೆ ಕೋಟಿ ಕಿ.ಮೀ. ಆಕಾಶಗಂಗೆಯ ಅಡ್ಡಳತೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ, ಅಂದರೆ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿ.ಮೀ. ಈ ಸಂಖ್ಯೆಗಳು ನನ್ನ ತಲೆಗೂ ಸುಲಭವಾಗಿ ಹತ್ತುವುದಿಲ್ಲ. ಅದಕ್ಕೇ ಒಂದು ರಾಗಿ ಕಾಳು ತೆಗೆದುಕೊಳ್ಳೋಣ.

ಕಪ್ಪು ಕುಳಿಯನ್ನು ಕುಗ್ಗಿಸಿ, ಒಂದೂವರೆ ಮಿಲಿಮೀಟರಿನ ರಾಗಿ ಕಾಳಿನಷ್ಟು ಮಾಡಿದೆವು ಎನ್ನಿ. ಅದೇ ಅಳತೆಯಲ್ಲಿ ಆಕಾಶಗಂಗೆ ಎಷ್ಟಿರುತ್ತದೆ? ನಿಮ್ಮ ಆಟದ ಮೈದಾನದಷ್ಟೆ? ಬೆಂಗಳೂರಿನಷ್ಟೆ? ಅಲ್ಲ. ಸುಮಾರು 57 ಸಾವಿರ ಕಿ.ಮೀ. ಅಗಲ! ಭೂಮಿಯಂಥ ನಾಲ್ಕು ಗೋಳಗಳನ್ನು ಸಾಲಾಗಿ ಇಟ್ಟರೂ ಜಾಗ ಉಳಿಯುತ್ತದೆ. ಆ ಶಾಲೆಯ ಮೇಜಿನ ಮೇಲೆ ರಾಗಿ ಕಾಳು ಇದ್ದರೆ, ನಾವಿರುವುದು ಸುಮಾರು 15 ಸಾವಿರ ಕಿ.ಮೀ. ಆಚೆ. ಬೆಂಗಳೂರಿನಿಂದ ನ್ಯೂಯಾರ್ಕ್ ಕೂಡ ಅಷ್ಟು ದೂರವಿಲ್ಲ. ಸೂರ್ಯ ಮತ್ತು ಭೂಮಿಯ ನಡುವಿನ ಅಂತರವೋ, ಒಂದು ಸೆಂಟಿಮೀಟರಿಗಿಂತ ಕಡಿಮೆ.

ಹತ್ತಿರವಿರುವ ನಕ್ಷತ್ರಗಳ ಗತಿ? ಎಸ್2 ಎಂಬ ನಕ್ಷತ್ರ ಈ ಕಪ್ಪು ಕುಳಿಯನ್ನು 16 ವರ್ಷಕ್ಕೊಮ್ಮೆ ಸುತ್ತುತ್ತದೆ. 2018ರ ಮೇ ತಿಂಗಳಲ್ಲಿ ಅದು ಸುಮಾರು 1,800 ಕೋಟಿ ಕಿ.ಮೀ. ಹತ್ತಿರ ಬಂದಿತ್ತು. ನಮ್ಮ ರಾಗಿ ಕಾಳಿನ ಲೆಕ್ಕದಲ್ಲಿ ಬರೀ ಒಂದು ಮೀಟರ್. ಸೆಕೆಂಡಿಗೆ 7 ಸಾವಿರ ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಸುತ್ತು ಹಾಕಿ, ಏನೂ ಆಗದೆ ಮುಂದೆ ಹೋಯಿತು! ಇಂಥ ನಕ್ಷತ್ರಗಳ ಚಲನೆಯನ್ನು ವರ್ಷಗಟ್ಟಲೆ ಅಳೆದ ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆನ್ಜೆಲ್ ಅವರಿಗೆ 2020ರಲ್ಲಿ ನೊಬೆಲ್ ಬಹುಮಾನ ಬಂತು.

ಗುರುತ್ವದ ಸೆಳೆತ ದ್ರವ್ಯರಾಶಿಯನ್ನೂ ದೂರವನ್ನೂ ಅವಲಂಬಿಸಿದೆ. ನಮ್ಮ ಸೂರ್ಯ ಕಪ್ಪು ಕುಳಿಯಾಗಲಾರ. ಆದರೂ ಯಾರೋ ಅವನನ್ನು ಹಿಂಡಿ 6 ಕಿ.ಮೀ. ಅಡ್ಡಳತೆಯ ಕಪ್ಪು ಕುಳಿ ಮಾಡಿದರು ಎನ್ನೋಣ. ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ. ದ್ರವ್ಯರಾಶಿ ಅಷ್ಟೇ, ದೂರವೂ ಅಷ್ಟೇ. ಕತ್ತಲು, ಚಳಿಯಲ್ಲಿ ನಾವು ಬದುಕುವುದು ಹೇಗೆ ಎನ್ನುವುದು ಬೇರೆ ಮಾತು!

ಹಾಗಾದರೆ ಕಪ್ಪು ಕುಳಿ ಏನನ್ನೂ ನುಂಗುವುದಿಲ್ಲವೆ? ನುಂಗುತ್ತದೆ, ತೀರ ಹತ್ತಿರ ಬಂದದ್ದನ್ನು. ಸಿಗ್ನಸ್ ಎಕ್ಸ್-1 ಎಂಬ ಕಪ್ಪು ಕುಳಿ ಪಕ್ಕದ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಳ್ಳುತ್ತಿದೆ. ಆ ಅನಿಲ ಸುತ್ತುತ್ತಾ ಲಕ್ಷಾಂತರ ಡಿಗ್ರಿ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ಈ ಕಿರಣಗಳನ್ನು ನಮ್ಮ ವಾಯುಮಂಡಲ ತಡೆಯುವುದರಿಂದ ದೂರದರ್ಶಕವನ್ನೇ ಮೇಲೆ ಕಳಿಸಬೇಕು. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ್ದು ಇದಕ್ಕಾಗಿಯೇ. ಸಿಗ್ನಸ್ ಎಕ್ಸ್-1 ಅನ್ನೂ ಅದು ಗಮನಿಸಿದೆ. ಅದಕ್ಕೆ ಆದೇಶಗಳು ಹೋದದ್ದು ಎಲ್ಲಿಂದ ಗೊತ್ತೆ? ಪೀಣ್ಯದಲ್ಲೇ ಇರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ!

ಇಷ್ಟು ಕೇಳಿದ ಮೇಲೆ ಆ ಹುಡುಗಿ ಇನ್ನೊಂದು ಪ್ರಶ್ನೆ ಹಾಕಿದಳು: “ಇಷ್ಟು ಚಿಕ್ಕದಾದರೆ ಅದು ಇಡೀ ಗೆಲಕ್ಸಿಯನ್ನು ಹಿಡಿದಿಟ್ಟಿರುವುದು ಹೇಗೆ, ಸರ್?” ಹಿಡಿದಿಟ್ಟಿಲ್ಲ. ಆಕಾಶಗಂಗೆಯಲ್ಲಿ ಕನಿಷ್ಠ ಹತ್ತು ಸಾವಿರ ಕೋಟಿ ನಕ್ಷತ್ರಗಳಿವೆ. ಅವುಗಳ ಮುಂದೆ 43 ಲಕ್ಷ ಯಾವ ಲೆಕ್ಕ? ನಕ್ಷತ್ರ, ಅನಿಲ, ದೂಳು ಒಂದನ್ನೊಂದು ಸೆಳೆಯುತ್ತವೆ. ಅಷ್ಟೂ ಸಾಲದೆ, ಕಣ್ಣಿಗೂ ದೂರದರ್ಶಕಕ್ಕೂ ಕಾಣದ ಇನ್ನೇನೋ ಬಹಳಷ್ಟಿದೆ. ಅದನ್ನು ‘ಕಪ್ಪು ದ್ರವ್ಯ’ ಎನ್ನುತ್ತಾರೆ. ಅದು ಯಾವುದರಿಂದ ಆಗಿದೆ ಎಂದು ಇನ್ನೂ ಯಾರಿಗೂ ಗೊತ್ತಾಗಿಲ್ಲ.